ಅಂಟಿಲ್ಲದ ಕಣಕ



ಇವತ್ತು ನಾನು ಮಾತಾಡಲು ಬಂದಿರುವುದು ಪೈ ಎಂಬ ತಿನಿಸಿನ ಕಣಕದ ಬಗ್ಗೆ, ಅದರಲ್ಲೂ ಗೋಧಿಯನ್ನು ಹತ್ತಿರಕ್ಕೂ ಸೇರಿಸದೆ ಮಾಡುವ ಕಣಕದ ಬಗ್ಗೆ. ನಮ್ಮ ಬೇಕರಿಗಳಲ್ಲಿ ಪೇಸ್ಟ್ರಿ ಕೊಡಿ ಎಂದರೆ ಕ್ರೀಮು ಬಳಿದ ಕೇಕಿನ ತುಂಡು ಕೈಗೆ ಬರುತ್ತದೆ. ನಾನು ಹೇಳುತ್ತಿರುವುದು ಅದಲ್ಲ. ಇಂಗ್ಲೆಂಡ್, ಅಮೆರಿಕಗಳ ಮನೆಗಳಲ್ಲಿ ಅಂಚಿರುವ ತಗಡಿನ ತಟ್ಟೆಗೆ ಹಿಟ್ಟಿನ ಹಾಸು ಕೂರಿಸಿ, ಅದರೊಳಗೆ ಸೇಬಿನದೋ ಕುಂಬಳಕಾಯಿಯದೋ ಮಾಂಸದ್ದೋ ಹೂರಣ ತುಂಬಿ, ಬೇಕಾದರೆ ಮೇಲೊಂದು ಮುಚ್ಚಳವನ್ನೂ ಹೊದಿಸಿ ಓವನ್ನಿನಲ್ಲಿ ಬೇಯಿಸುತ್ತಾರಲ್ಲ, ಆ ಪೈ. ನವೆಂಬರಿನ ನಾಲ್ಕನೆಯ ಗುರುವಾರ ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಊಟದಲ್ಲಿ ಕುಂಬಳಕಾಯಿ ಪೈ ಇಲ್ಲದ ಮನೆ ಅಪರೂಪ. ಮಕ್ಕಳ ಮನೆಗೆಂದು ಆರು ತಿಂಗಳು ಅಲ್ಲಿಗೆ ಹೋಗಿಬಂದ ಹಿರಿಯರಿಗೆ ಇದರ ಪರಿಚಯ ಚೆನ್ನಾಗಿಯೇ ಇರುತ್ತದೆ.

ನನ್ನ ಅಕ್ಕನ ಮಗಳ ಸಂಸಾರ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದೆ. ಅವಳ ಮಗನಿಗೆ ಸೀಲಿಯಾಕ್ ಕಾಯಿಲೆ ಇದೆಯೆಂದು ಗೊತ್ತಾದ ಮೇಲೆ ಆ ಮನೆಯೊಳಗೆ ಗೋಧಿ ಹಿಟ್ಟು ಕಾಲಿಟ್ಟಿಲ್ಲ. ಅನ್ನ, ಸಾರು, ಇಡ್ಲಿ, ದೋಸೆ ಇರುವ ಮನೆಗೆ ಇದು ದೊಡ್ಡ ಕಷ್ಟವೇನಲ್ಲ. ಕಷ್ಟ ಶುರುವಾಗುವುದು ಹುಡುಗ ಗೆಳೆಯರ ಮನೆಯಲ್ಲಿ ಪೈ ನೋಡಿ ಬಂದಾಗ. "ಚಿಕ್ಕಮ್ಮಾ, ಅಂಗಡೀಲಿ ಸಿಗುತ್ತೆ. ದುಡ್ಡು ಜಾಸ್ತಿ, ರುಚಿ ಕಮ್ಮಿ. ಮನೇಲಿ ಮಾಡಿದ್ರೆ ಪುಡಿಪುಡಿಯಾಗುತ್ತೆ" ಅಂತ ಫೋನಿನಲ್ಲಿ ಅವಳು ಹೇಳಿದ್ದಳು. ಆ ಪುಡಿಪುಡಿಗೆ ಕಾರಣವೇನು, ಪರಿಹಾರವೇನು ಎಂಬುದೇ ಇವತ್ತಿನ ಮಾತು. ಕಾಗದ, ಪೆನ್ನು ಹತ್ತಿರ ಇಟ್ಟುಕೊಳ್ಳಿ, ಅಳತೆ ಹೇಳುವಾಗ ಬೇಕಾಗುತ್ತದೆ.

ಮೊದಲು ಕಾಯಿಲೆಯ ವಿಚಾರ ಎರಡು ಮಾತಿನಲ್ಲಿ. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿ ಗ್ಲುಟೆನ್ ಎಂದು ಕರೆಯುವ ಪ್ರೋಟೀನಿದೆ. ಸೀಲಿಯಾಕ್ ಇರುವವರು ಅದನ್ನು ತಿಂದರೆ ದೇಹದ ರಕ್ಷಣಾ ವ್ಯವಸ್ಥೆ ಸಣ್ಣ ಕರುಳಿನ ಒಳಪದರದ ಮೇಲೆಯೇ ದಾಳಿ ಮಾಡುತ್ತದೆ. ಆಹಾರದ ಸಾರವನ್ನು ಹೀರಬೇಕಾದ ಸಣ್ಣ ಸಣ್ಣ ಕುಚ್ಚುಗಳು ಸವೆದು ಚಪ್ಪಟೆಯಾಗುತ್ತವೆ. ಮಗು ತಿಂದದ್ದು ಮೈಗೆ ಹತ್ತುವುದಿಲ್ಲ. ಹೊಟ್ಟೆ ಉಬ್ಬರಿಸುತ್ತದೆ, ಭೇದಿಯಾಗುತ್ತದೆ, ರಕ್ತ ಕಮ್ಮಿಯಾಗುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಇದಕ್ಕೆ ಇವತ್ತಿಗೂ ಇರುವ ಚಿಕಿತ್ಸೆ ಪಥ್ಯವೊಂದೇ, ಅದೂ ಜೀವನಪೂರ್ತಿ. ಒಂದು ಎಚ್ಚರಿಕೆ: ಅನುಮಾನ ಬಂದ ಕೂಡಲೇ ನೀವಾಗಿಯೇ ಗೋಧಿ ಬಿಡಬೇಡಿ. ಗೋಧಿ ತಿನ್ನುತ್ತಿರುವಾಗಲೇ ರಕ್ತ ಪರೀಕ್ಷೆ ಮಾಡಿಸಬೇಕು. ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದೂ ಇಲ್ಲವೆಂದು ಬರಬಹುದು.

ಇದು ಬಿಳಿಯರ ಕಾಯಿಲೆ, ನಮಗೇಕೆ ಎನ್ನುವವರಿದ್ದಾರೆ. ಹಾಗೇನಿಲ್ಲ. ನಮ್ಮ ದೇಶದ ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅದರ ಪ್ರಕಾರ ಉತ್ತರ ಭಾರತದಲ್ಲಿ ನೂರಕ್ಕೆ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10 ಜನರ ರಕ್ತದಲ್ಲಿ ಈ ಕಾಯಿಲೆಯನ್ನು ಸೂಚಿಸುವ ಪ್ರತಿಕಾಯಗಳು ಕಂಡುಬಂದವು. ಕಾಯಿಲೆಗೆ ಎಡೆಮಾಡುವ ವಂಶವಾಹಿಗಳು ಮೂರೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದವು. ಗೋಧಿಯನ್ನು ಅತಿ ಹೆಚ್ಚು ತಿನ್ನುತ್ತಿದ್ದವರು ಉತ್ತರದವರು, ಅತಿ ಕಡಿಮೆ ತಿನ್ನುತ್ತಿದ್ದವರು ದಕ್ಷಿಣದವರು. ನಮ್ಮ ಕಡೆ ರಾತ್ರಿಯ ಅನ್ನ ಹೋಗಿ ಚಪಾತಿ ಬಂದಿರುವ ಈ ಕಾಲದಲ್ಲಿ ಈ ಅಂಕಿಗಳನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಈ ಪಥ್ಯದ ಇತಿಹಾಸದಲ್ಲಿ ಒಂದು ತಮಾಷೆಯಿದೆ. ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ 1888ರಲ್ಲಿ ಅಚ್ಚಾದ ತಮ್ಮ ಉಪನ್ಯಾಸದಲ್ಲಿ ಈ ಕಾಯಿಲೆಯನ್ನು ಬಹಳ ಸ್ಪಷ್ಟವಾಗಿ ವರ್ಣಿಸಿದರು. ಇದು ವಾಸಿಯಾಗುವುದೇ ಆದರೆ ಆಹಾರದಿಂದಲೇ ಆಗಬೇಕು ಎಂಬ ಮಾತನ್ನೂ ಹೇಳಿದರು. ಅಷ್ಟರವರೆಗೆ ಸರಿ. ಆಮೇಲೆ ಅವರು ಕೊಟ್ಟ ಪಟ್ಟಿ ನೋಡಿ: ಅಕ್ಕಿ ಬೇಡ, ಸಬ್ಬಕ್ಕಿ ಬೇಡ, ಮೆಕ್ಕೆಜೋಳದ ಪಿಷ್ಟ ಬೇಡ, ತೆಳ್ಳಗೆ ಕತ್ತರಿಸಿ ಎರಡೂ ಕಡೆ ಚೆನ್ನಾಗಿ ಸುಟ್ಟ ಬ್ರೆಡ್ಡು ಆಗಬಹುದು! ಇವತ್ತು ನಾನು ಹೇಳಲಿರುವ ಕಣಕಕ್ಕೆ ಬೀಳುವುದು ಅವರು ಬೇಡವೆಂದ ಪದಾರ್ಥಗಳೇ. ಅದೇ ಉಪನ್ಯಾಸದಲ್ಲಿ ಒಂದು ಮಗುವಿನ ಕತೆಯೂ ಬರುತ್ತದೆ. ಅದಕ್ಕೆ ದಿನಾ ಹಾಲೆಂಡಿನ ಕಪ್ಪೆಚಿಪ್ಪಿನ ಮಾಂಸ ತಿನ್ನಿಸಿದರಂತೆ, ಮಗು ಚೆನ್ನಾಗಿ ಚೇತರಿಸಿಕೊಂಡಿತಂತೆ. ಚಿಪ್ಪಿನ ಕಾಲ ಮುಗಿಯಿತು, ಕಾಯಿಲೆ ಮರಳಿತು. ಮುಂದಿನ ವರ್ಷ ಮಗು ಚಿಪ್ಪನ್ನು ಬಾಯಿಗೇ ಇಡಿಸಿಕೊಳ್ಳಲಿಲ್ಲ. ಚಿಪ್ಪಿನಿಂದ ಮಗುವಿನ ಹೊಟ್ಟೆ ತುಂಬಿದ ಮೇಲೆ ಬ್ರೆಡ್ಡಿಗೆ ಜಾಗ ಉಳಿಯುತ್ತಿರಲಿಲ್ಲ, ಅದೇ ಗುಣಕ್ಕೆ ಕಾರಣವಾಗಿತ್ತೇನೋ ಎಂದು ನನ್ನ ಊಹೆ.

ಗೋಧಿಯೇ ಅಪರಾಧಿ ಎಂದು ಹಿಡಿದುಕೊಟ್ಟವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲ, 1944-45ರಲ್ಲಿ, ಜರ್ಮನ್ನರ ದಿಗ್ಬಂಧನದಿಂದ ಹಾಲೆಂಡಿನಲ್ಲಿ ಬ್ರೆಡ್ಡೇ ಇಲ್ಲದಂತಾಯಿತು. ಜನ ಟ್ಯುಲಿಪ್ ಗೆಡ್ಡೆ ತಿಂದು ಬದುಕಿದರು. ಎಲ್ಲ ಮಕ್ಕಳೂ ಸೊರಗುತ್ತಿದ್ದಾಗ ಸೀಲಿಯಾಕ್ ಇದ್ದ ಮಕ್ಕಳು ಮಾತ್ರ ಸುಧಾರಿಸಿದರು, ಬ್ರೆಡ್ಡು ಮರಳಿ ಬಂದಾಗ ಮತ್ತೆ ಹಾಸಿಗೆ ಹಿಡಿದರು. ಡಿಕೆ ಅವರಿಗೆ ಯುದ್ಧಕ್ಕೆ ಮುಂಚೆಯೇ ಗೋಧಿಯ ಮೇಲೆ ಅನುಮಾನವಿತ್ತು. 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ಅವರು ಅದನ್ನು ಸಾಧಿಸಿ ತೋರಿಸಿದರು.

ಇನ್ನು ಅಡುಗೆಮನೆಗೆ ಬರೋಣ.

ಗ್ಲುಟೆನ್ ಎಂದರೇನು ಎಂಬುದನ್ನು ಕಣ್ಣಾರೆ ನೋಡಬೇಕಾದರೆ ಹಿಡಿ ಮೈದಾ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಅರ್ಧ ಗಂಟೆ ಬಿಟ್ಟು, ನಲ್ಲಿಯ ಕೆಳಗೆ ಹಿಡಿದು ನಾದುತ್ತಾ ತೊಳೆಯಿರಿ. ಹಾಲಿನಂಥ ನೀರು ಇಳಿದುಹೋಗುತ್ತದೆ, ಅದು ಪಿಷ್ಟ. ಕೊನೆಗೆ ಕೈಯಲ್ಲಿ ಉಳಿಯುವ ಬೂದುಬಣ್ಣದ, ಎಳೆದರೆ ಹಿಗ್ಗುವ ಅಂಟು ಮುದ್ದೆಯೇ ಗ್ಲುಟೆನ್. ಇಟಲಿಯ ಬೊಲೋನ್ಯಾದಲ್ಲಿ ಬೆಕ್ಕಾರಿ ಎಂಬ ವಿದ್ವಾಂಸರು 1728ರಲ್ಲೇ ಇದನ್ನು ಬೇರ್ಪಡಿಸಿ ತೋರಿಸಿದ್ದರು. ಗೋಧಿಯಲ್ಲಿರುವ ಎರಡು ಬಗೆಯ ಪ್ರೋಟೀನುಗಳು ನೀರು ಕುಡಿದು, ನಾದಿದಷ್ಟೂ ಒಂದನ್ನೊಂದು ಹಿಡಿದುಕೊಂಡು ಬಲೆ ಕಟ್ಟುತ್ತವೆ. ಬ್ರೆಡ್ಡು ಉಬ್ಬುವುದು ಈ ಬಲೆಯೊಳಗೆ ಗಾಳಿ ಸಿಕ್ಕಿಹಾಕಿಕೊಳ್ಳುವುದರಿಂದ.

ಈಗ ನಾನು ಒತ್ತಿ ಹೇಳಬೇಕೆಂದಿರುವ ಮಾತು. ಗ್ಲುಟೆನ್ ಇಲ್ಲದೆ ಬ್ರೆಡ್ಡು ಮಾಡುವುದು ನಿಜಕ್ಕೂ ಕಷ್ಟ. ಪೈ ಕಣಕ ಮಾಡುವುದು ಹಾಗಲ್ಲ, ಏಕೆಂದರೆ ಗೋಧಿಯಲ್ಲಿ ಪೈ ಮಾಡುವವರ ಅರ್ಧ ಹೆಣಗಾಟ ಈ ಬಲೆ ಹುಟ್ಟದಂತೆ ತಡೆಯುವುದರಲ್ಲೇ ಇದೆ. ಹೋಳಿಗೆಯ ಕಣಕವನ್ನು ನೆನೆಸಿಕೊಳ್ಳಿ. ಎಣ್ಣೆ ಹಾಕಿ ಹಾಕಿ ನಾದಿ, ಗಂಟೆಗಟ್ಟಲೆ ನೆನೆಸಿ, ಎಳೆದರೆ ಹರಿಯದೆ ಹೂರಣದ ಸುತ್ತ ಪೊರೆಯಾಗಬೇಕು. ಅಲ್ಲಿ ಬಲೆಯೇ ಬಂಡವಾಳ. ಪೈ ಕಣಕದ ದಾರಿ ಅದಕ್ಕೆ ತದ್ವಿರುದ್ಧ. ಅದು ಬಾಯಲ್ಲಿ ಮುರಿದು ಪುಡಿಯಾಗಬೇಕು. ಅದಕ್ಕೇ ಇಂಗ್ಲಿಷ್ ಅಡುಗೆ ಪುಸ್ತಕಗಳಲ್ಲಿ ಬೆಣ್ಣೆ ತಣ್ಣಗಿರಲಿ, ಕೈ ತಣ್ಣಗಿರಲಿ, ನೀರು ಹನಿಹನಿಯಾಗಿ ಬೀಳಲಿ, ನಾದಬೇಡಿ, ಮತ್ತೆ ಲಟ್ಟಿಸಬೇಡಿ ಎಂದು ಹೆದರಿಸಿಟ್ಟಿರುತ್ತಾರೆ. ಹಿಟ್ಟಿನ ಕಣಕಣಕ್ಕೂ ಬೆಣ್ಣೆ ಸವರಿದರೆ ನೀರು ಒಳಗೆ ಹೋಗುವುದಿಲ್ಲ, ಬಲೆ ಕಟ್ಟುವುದಿಲ್ಲ, ಕಣಕ ಗಟ್ಟಿಯಾಗುವುದಿಲ್ಲ. ನಮ್ಮ ಹಿಟ್ಟಿನಲ್ಲಿ ಗ್ಲುಟೆನ್ನೇ ಇಲ್ಲವೆಂದಾಗ ಆ ಹೆದರಿಕೆಯ ಬಹುಪಾಲು ತಾನಾಗಿಯೇ ಬಿದ್ದುಹೋಯಿತು. ಎಷ್ಟು ಬೇಕಾದರೂ ಕಲಸಿ. ಲಟ್ಟಿಸಿ, ಮುದ್ದೆಮಾಡಿ, ಮತ್ತೆ ಲಟ್ಟಿಸಿ. ರಬ್ಬರಾಗುವ ಪ್ರಶ್ನೆಯೇ ಇಲ್ಲ.

ಹಾಗಾದರೆ ತೊಡಕೆಲ್ಲಿ? ಗೋಧಿಯವರಿಗೂ ಆ ಬಲೆ ಚೂರುಪಾರು ಬೇಕು, ಲಟ್ಟಿಸಿದ ಹಾಳೆಯನ್ನು ಎತ್ತಿ ಅಚ್ಚಿಗೆ ಹಾಕುವಷ್ಟು ಹೊತ್ತು ಅದು ಹರಿಯದಿರಲಿಕ್ಕೆ. ನಮ್ಮಲ್ಲಿ ಅದೂ ಇಲ್ಲ. ಎತ್ತಿದರೆ ಮುರಿಯುತ್ತದೆ, ಅಂಚಿನಲ್ಲಿ ಬಿರಿಯುತ್ತದೆ. ಎರಡನೆಯ ತೊಡಕು ಅಕ್ಕಿಹಿಟ್ಟಿನ ತರಿ. ಅದು ನೀರನ್ನು ನಿಧಾನವಾಗಿ ಕುಡಿಯುತ್ತದೆ. ನೆನೆಯಲು ಬಿಡದೆ ಬೇಯಿಸಿದರೆ ಬೆಂದ ಪೈಯಲ್ಲಿ ಮರಳು ಸಿಕ್ಕಂತಾಗುತ್ತದೆ. ಮೂರನೆಯದು ಬಣ್ಣ. ಪಿಷ್ಟ ಹೆಚ್ಚು, ಪ್ರೋಟೀನು ಕಡಿಮೆ ಇರುವ ಕಣಕ ಬೆಂದರೂ ಬಿಳಿಚಿಕೊಂಡೇ ಇರುತ್ತದೆ. ಮೂರಕ್ಕೂ ಉಪಾಯವಿದೆ.

ಮೊದಲನೆಯದಕ್ಕೆ ಪಶ್ಚಿಮದ ಮನೆಗಳಲ್ಲಿ ಹೆಚ್ಚಾಗಿ ಬಳಸುವುದು ಕ್ಸಾಂಥನ್ ಗಮ್ ಎಂಬ ಬಿಳಿ ಪುಡಿ. ಎಲೆಕೋಸಿಗೆ ಕಪ್ಪು ಕೊಳೆರೋಗ ತರುವ ಬ್ಯಾಕ್ಟೀರಿಯಾವೊಂದು ಸಕ್ಕರೆ ತಿಂದು ತನ್ನ ಸುತ್ತ ಬಿಡುವ ಲೋಳೆಯನ್ನು ಒಣಗಿಸಿ ಮಾಡಿದ್ದು ಅದು. ಕಂಡುಹಿಡಿದವರು ಅಲೀನ್ ಜೀನ್ಸ್ ಎಂಬ ರಸಾಯನ ವಿಜ್ಞಾನಿ ಮತ್ತು ಅವರ ಸಂಗಡಿಗರು, ಅಮೆರಿಕದ ಕೃಷಿ ಇಲಾಖೆಯ ಪಿಯೋರಿಯಾ ಪ್ರಯೋಗಾಲಯದಲ್ಲಿ. ಯುದ್ಧಕಾಲದಲ್ಲಿ ಪೆನಿಸಿಲಿನ್ನನ್ನು ದೊಡ್ಡ ಪ್ರಮಾಣದಲ್ಲಿ ತೆಗೆಯುವ ದಾರಿ ತೋರಿಸಿದ್ದೂ ಅದೇ ಪ್ರಯೋಗಾಲಯ. 1969ರಲ್ಲಿ ಅಮೆರಿಕ ಸರ್ಕಾರ ಈ ಗಮ್ಮನ್ನು ಆಹಾರದಲ್ಲಿ ಬಳಸಲು ಒಪ್ಪಿಗೆ ಕೊಟ್ಟಿತು. ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಕಾಲು ಚಮಚ ಹೆಚ್ಚಾದರೆ ಕಣಕ ಬಾಯಲ್ಲಿ ಲೋಳೆಯಾಗುತ್ತದೆ, ಕೆಲವರ ಹೊಟ್ಟೆಗೂ ಅದು ಒಗ್ಗುವುದಿಲ್ಲ.

ನನ್ನ ಮತ ಇಸಬ್‌ಗೋಲ್ ಹೊಟ್ಟಿನ ಕಡೆಗೆ. ಹೌದು, ಮಲಬದ್ಧತೆಗೆಂದು ರಾತ್ರಿ ನೀರಿನಲ್ಲಿ ಕದಡಿ ಕುಡಿಯುತ್ತೇವಲ್ಲ, ಅದೇ. ತನ್ನ ತೂಕಕ್ಕಿಂತ ಎಷ್ಟೋ ಪಟ್ಟು ನೀರು ಹೀರಿ ಗಟ್ಟಿ ಲೋಳೆಯಾಗುವ ಗುಣ ಅದಕ್ಕಿದೆ, ಆ ಲೋಳೆ ಹಿಟ್ಟನ್ನು ಬಾಗುವಂತೆ ಮಾಡುತ್ತದೆ. ಇಂಗ್ಲೆಂಡಿನಲ್ಲಿ ಗ್ಲುಟೆನ್‌ರಹಿತ ಬೇಕಿಂಗ್ ಮಾಡುವವರು ಇದನ್ನು ಸಿಲಿಯಂ ಎಂಬ ಹೆಸರಿನಲ್ಲಿ ಕೊಳ್ಳುತ್ತಾರೆ. ಜಗತ್ತಿನಲ್ಲಿ ಅತಿ ಹೆಚ್ಚು ಇಸಬ್‌ಗೋಲ್ ಬೆಳೆಯುವುದೂ ರಫ್ತು ಮಾಡುವುದೂ ನಮ್ಮ ದೇಶವೇ. ಗುಜರಾತ್, ರಾಜಸ್ಥಾನಗಳ ಹೊಲದಲ್ಲಿ ಬೆಳೆದು, ಗುಜರಾತಿನ ಊಂಝಾ ಮಾರುಕಟ್ಟೆಯನ್ನು ಹಾದು ಹೋದ ಮಾಲು ಲೆಸ್ಟರಿನ ಅಂಗಡಿಯಲ್ಲಿ ದುಬಾರಿ ಬೆಲೆಗೆ ಕೂತಿದ್ದರೆ ನಗು ಬರುತ್ತದೆ. ಸಕ್ಕರೆ, ಕಿತ್ತಳೆ ಬಣ್ಣ ಬೆರೆಸಿದ ಪೊಟ್ಟಣ ತರಬೇಡಿ, ಬರಿಯ ಹೊಟ್ಟು ತನ್ನಿ. ಮಿಕ್ಸಿಯಲ್ಲಿ ನುಣ್ಣಗೆ ಪುಡಿಮಾಡಿಟ್ಟುಕೊಳ್ಳಿ.

ಈಗ ಹಿಟ್ಟುಗಳು. ಒಂದೇ ಹಿಟ್ಟಿನಿಂದ ಕೆಲಸ ಆಗುವುದಿಲ್ಲ, ಮೂರು ಬೇಕು. ಮೈಕಟ್ಟಿಗೆ ಅಕ್ಕಿಹಿಟ್ಟು. ರುಚಿಗೆ, ಕೊಂಚ ಪ್ರೋಟೀನಿಗೆ ಬಿಳಿಜೋಳದ ಹಿಟ್ಟು. ಹಗುರಕ್ಕೆ ಒಂದು ಪಿಷ್ಟ. ನಮ್ಮ ದಿನಸಿ ಅಂಗಡಿಗಳಲ್ಲಿ ಕಾರ್ನ್‌ಫ್ಲೋರ್ ಎಂದು ಮಾರುವುದು ಮೆಕ್ಕೆಜೋಳದ ಬಿಳಿ ಪಿಷ್ಟ. ಅಮೆರಿಕದಲ್ಲಿ ಅದೇ ಹೆಸರು ಕೇಳಿದರೆ ಹಳದಿ ಮೆಕ್ಕೆಜೋಳದ ಹಿಟ್ಟು ಕೊಡುತ್ತಾರೆ, ಅಲ್ಲಿರುವವರು ಕಾರ್ನ್‌ಸ್ಟಾರ್ಚ್ ಎಂದು ಕೇಳಬೇಕು. ಮರಗೆಣಸಿನ ಪಿಷ್ಟವೂ ಆಗುತ್ತದೆ, ಮಲೆನಾಡು ಕರಾವಳಿಯವರ ಮನೆಯಲ್ಲಿ ಕೂವೆ ಹಿಟ್ಟು ಇದ್ದರೆ ಅದೂ ಆಗುತ್ತದೆ. ರಾಗಿ ಹಾಕಬಹುದೇ? ಬೆಲ್ಲ, ಬಾಳೆಹಣ್ಣು, ಚಾಕೊಲೇಟಿನ ಹೂರಣವಿದ್ದರೆ ಜೋಳದ ಬದಲು ರಾಗಿ ಹಾಕಿ, ಚೆನ್ನಾಗಿರುತ್ತದೆ. ಸೇಬಿನ ಪೈಗೆ ಮಾತ್ರ ನನಗೆ ಇಷ್ಟವಾಗಲಿಲ್ಲ, ರಾಗಿಯ ಮಣ್ಣಿನ ವಾಸನೆ ಸೇಬನ್ನು ನುಂಗಿಹಾಕುತ್ತದೆ. ಕಡಲೆಹಿಟ್ಟು ಬೇಡವೇ ಬೇಡ, ಬಜ್ಜಿಯ ನೆನಪಾಗುತ್ತದೆ.

ಅಳತೆ ಬರೆದುಕೊಳ್ಳಿ. 23 ಸೆಂಟಿಮೀಟರ್ ಅಗಲದ ಅಚ್ಚಿನ ತಳಹಾಸಿಗೂ ಮೇಲೆ ಹೆಣೆಯುವ ಪಟ್ಟಿಗಳಿಗೂ ಸಾಲುವಷ್ಟು. ನುಣುಪು ಅಕ್ಕಿಹಿಟ್ಟು 120 ಗ್ರಾಂ, ಬಿಳಿಜೋಳದ ಹಿಟ್ಟು 60 ಗ್ರಾಂ, ಪಿಷ್ಟ 70 ಗ್ರಾಂ. ಒಟ್ಟು 250. ಅದರ ಅರ್ಧದಷ್ಟು, ಅಂದರೆ 125 ಗ್ರಾಂ, ಉಪ್ಪಿಲ್ಲದ ತಣ್ಣನೆಯ ಬೆಣ್ಣೆ. ಇಸಬ್‌ಗೋಲ್ ಪುಡಿ 2 ಟೀ ಚಮಚ. ಉಪ್ಪು ಅರ್ಧ ಟೀ ಚಮಚ. ಸಿಹಿ ಪೈಯಾದರೆ ಸಕ್ಕರೆ ಪುಡಿ 1 ದೊಡ್ಡ ಚಮಚ. ಹಾಲಿನ ಪುಡಿ 1 ದೊಡ್ಡ ಚಮಚ, ಇದು ಬಣ್ಣಕ್ಕೆ. ಮೊಟ್ಟೆ ತಿನ್ನುವವರು 1 ಮೊಟ್ಟೆ ಮತ್ತು 3ರಿಂದ 4 ದೊಡ್ಡ ಚಮಚ ತಣ್ಣೀರು. ತಿನ್ನದವರು ಬರಿಯ ತಣ್ಣೀರು ಸುಮಾರು 90ರಿಂದ 100 ಮಿಲಿಲೀಟರ್. ದಯವಿಟ್ಟು ತೂಕ ಮಾಡಿ, ಲೋಟದ ಲೆಕ್ಕ ಬೇಡ. ಅಕ್ಕಿಹಿಟ್ಟನ್ನು ಅದುಮಿ ತುಂಬಿದ ಲೋಟಕ್ಕೂ ಸಡಿಲವಾಗಿ ತುಂಬಿದ ಲೋಟಕ್ಕೂ ಬಹಳ ವ್ಯತ್ಯಾಸ ಬರುತ್ತದೆ. ಗೋಧಿಯ ಪೈಗೆ ವಿನಿಗರ್ ಹಾಕುವವರಿದ್ದಾರೆ, ಗ್ಲುಟೆನ್ ಬಿಗಿಯದಿರಲಿ ಎಂದು. ನಮಗೆ ಅದರ ಹಂಗಿಲ್ಲ.

ಹಿಟ್ಟು, ಇಸಬ್‌ಗೋಲ್, ಉಪ್ಪು, ಸಕ್ಕರೆ, ಹಾಲಿನ ಪುಡಿ ಎಲ್ಲವನ್ನೂ ಒಟ್ಟಿಗೆ ಎರಡು ಸಲ ಜರಡಿ ಹಿಡಿಯಿರಿ. ಇಸಬ್‌ಗೋಲ್ ಒಂದೇ ಕಡೆ ನಿಂತರೆ ಅಲ್ಲಿ ಗಂಟಾಗುತ್ತದೆ. ಬೆಣ್ಣೆಯನ್ನು ಸಣ್ಣ ಚೌಕ ತುಂಡು ಮಾಡಿ ಹಾಕಿ ಬೆರಳ ತುದಿಯಿಂದ ಉಜ್ಜಿ. ಪೂರ್ತಿ ಕರಗಿಸಬೇಡಿ, ಕಡಲೆಬೇಳೆ ಗಾತ್ರದ ಬೆಣ್ಣೆ ಚೂರುಗಳು ಅಲ್ಲಲ್ಲಿ ಉಳಿಯಲಿ. ಬೆಣ್ಣೆ ತಣ್ಣಗಿರಬೇಕು ಎಂಬ ಹಳೆಯ ನಿಯಮವನ್ನು ಮಾತ್ರ ನಾವೂ ಪಾಲಿಸಬೇಕು, ಕಾರಣ ಬೇರೆ. ಬೆಣ್ಣೆಯಲ್ಲಿ ಆರನೆಯ ಒಂದು ಪಾಲಿನಷ್ಟು ನೀರಿದೆ. ಬಿಸಿ ಓವನ್ನಿನಲ್ಲಿ ಚೂರು ಕರಗಿ ಅದರ ನೀರು ಆವಿಯಾದಾಗ ಅಲ್ಲೊಂದು ಪೊಳ್ಳು ಉಳಿಯುತ್ತದೆ, ಪದರ ಬಿಡುವುದು ಅದರಿಂದ. ಮೊದಲೇ ಕರಗಿ ಹಿಟ್ಟಿನಲ್ಲಿ ಇಂಗಿದರೆ ಪದರವಿಲ್ಲ, ನಾನ್‌ಖಟಾಯಿಯ ರವೆರವೆ ಬರುತ್ತದೆ. ತುಪ್ಪ ಹಾಕಿದರೂ ಅಷ್ಟೇ, ಅದರಲ್ಲಿ ನೀರಿಲ್ಲ. ಬೆಂಗಳೂರಿನ ಏಪ್ರಿಲ್‌ನಲ್ಲಾಗಲಿ ಕಲಬುರಗಿಯ ಯಾವ ತಿಂಗಳಲ್ಲಾಗಲಿ ಮಾಡುವವರು ಹಿಟ್ಟನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿ ಇಟ್ಟು ತೆಗೆಯುವುದು ಒಳ್ಳೆಯದು.

ಮೊಟ್ಟೆ, ನೀರು ಬೆರೆಸಿ ಸುರಿದು ಕೈಯಿಂದ ಒಟ್ಟುಗೂಡಿಸಿ. ಇಲ್ಲಿ ಜಿಪುಣತನ ಬೇಡ. ಗೋಧಿಯವರು ನೀರಿಗೆ ಹೆದರುತ್ತಾರೆ, ನಾವು ಹೆದರಬಾರದು. ಹಿಡಿದರೆ ಮುದ್ದೆಯಾಗಿ ನಿಲ್ಲಬೇಕು, ಕೈಗೆ ಚೂರು ಅಂಟಿದಂತಿರಬೇಕು. ಒಣಗಿದಂತೆ ಕಂಡರೆ ಇನ್ನೊಂದು ಚಮಚ ನೀರು ಹಾಕಿ. ಅದನ್ನು ಬಿಲ್ಲೆಯಾಗಿ ತಟ್ಟಿ, ಸುತ್ತಿ, ಫ್ರಿಜ್ಜಿನಲ್ಲಿಡಿ. ಗೋಧಿಯ ಕಣಕ ಕಾಯುವುದು ಬಲೆ ಸಡಿಲವಾಗಲೆಂದು. ನಮ್ಮದು ಕಾಯುವುದು ಅಕ್ಕಿ ನೆನೆಯಲೆಂದು, ಇಸಬ್‌ಗೋಲ್ ನೀರು ಹೀರಲೆಂದು. ಒಂದು ಗಂಟೆಗೆ ಕಡಿಮೆ ಬೇಡ, ಹಿಂದಿನ ರಾತ್ರಿಯೇ ಮಾಡಿಟ್ಟರೆ ಇನ್ನೂ ಉತ್ತಮ. ಕಲಸಿದಾಗ ಅಂಟಂಟಾಗಿದ್ದ ಮುದ್ದೆ ಬೆಳಗ್ಗೆಗೆ ಬೇರೆಯೇ ಆಗಿರುತ್ತದೆ. ಮರಳು ಮರಳಾಗಿದೆ ಎಂದು ದೂರುವವರಲ್ಲಿ ಹೆಚ್ಚಿನವರು ಈ ಒಂದು ಗಂಟೆಯನ್ನು ಉಳಿಸಲು ಹೋದವರು.

ಲಟ್ಟಿಸುವುದು ಎರಡು ಬಟರ್ ಪೇಪರುಗಳ ನಡುವೆ. ಮೇಲೆ ಹಿಟ್ಟು ಉದುರಿಸುತ್ತಾ ಲಟ್ಟಿಸಿದರೆ ಕಣಕ ಇನ್ನಷ್ಟು ಒಣಗುತ್ತದೆ. ಸುಮಾರು 3ರಿಂದ 4 ಮಿಲಿಮೀಟರ್ ದಪ್ಪ ಸಾಕು. ಮೇಲಿನ ಕಾಗದ ತೆಗೆದು, ಕೆಳಗಿನ ಕಾಗದದ ಸಮೇತ ಎತ್ತಿ ಅಚ್ಚಿನ ಮೇಲೆ ಬೋರಲು ಹಾಕಿ, ನಿಧಾನ ಕಾಗದ ಬಿಡಿಸಿ. ಎಲ್ಲಾದರೂ ಹರಿಯಿತೇ? ಹರಿಯುತ್ತದೆ. ಒಂದು ಚೂರು ಹಿಟ್ಟು ತೆಗೆದು ಒತ್ತಿ ತೇಪೆ ಹಾಕಿ, ಬೆಂದ ಮೇಲೆ ಗುರುತೂ ಸಿಗುವುದಿಲ್ಲ. ಗೋಧಿಯ ಕಣಕ ಬೇಯುವಾಗ ಸೆಳೆದುಕೊಂಡು ಅಂಚಿನಿಂದ ಕೆಳಗೆ ಜಾರುತ್ತದೆ, ತೇಪೆ ಬಿಟ್ಟುಕೊಳ್ಳುತ್ತದೆ. ಇದರಲ್ಲಿ ಸೆಳೆಯುವ ಬಲೆಯೇ ಇಲ್ಲ, ಒತ್ತಿದಲ್ಲಿ ಒತ್ತಿದ ಹಾಗೆ ಕೂರುತ್ತದೆ. ಲಟ್ಟಿಸುವುದೇ ಬೇಡ ಎನ್ನುವವರು ಮುದ್ದೆಯನ್ನು ಅಚ್ಚಿನಲ್ಲಿಟ್ಟು ಅಕ್ಕಿರೊಟ್ಟಿ ತಟ್ಟುವ ಕೈಯಲ್ಲೇ ಬದಿಗಳವರೆಗೆ ತಟ್ಟಿ ಏರಿಸಬಹುದು. ಮೂಲೆಯಲ್ಲಿ ದಪ್ಪ ಉಳಿಯದಂತೆ ನೋಡಿಕೊಂಡರಾಯಿತು.

ಅಚ್ಚಿನ ಸಮೇತ ಮತ್ತೆ ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು, ಫೋರ್ಕಿನಿಂದ ಅಲ್ಲಲ್ಲಿ ಚುಚ್ಚಿ, ಬಟರ್ ಪೇಪರ್ ಹಾಸಿ, ಅದರ ಮೇಲೆ ಒಣ ರಾಜ್ಮಾ ಅಥವಾ ಕಡಲೆಕಾಳು ತುಂಬಿ 200 ಡಿಗ್ರಿಯಲ್ಲಿ 20 ನಿಮಿಷ ಬೇಯಿಸಿ. ಕಾಳು ತೆಗೆದು ಇನ್ನೂ 8ರಿಂದ 10 ನಿಮಿಷ. ಆ ಕಾಳನ್ನು ಡಬ್ಬಿಯಲ್ಲಿಟ್ಟು ಇದೇ ಕೆಲಸಕ್ಕೆ ಮತ್ತೆ ಮತ್ತೆ ಬಳಸಿ, ಸಾಂಬಾರಿಗೆ ಬರುವುದಿಲ್ಲ. ಗಾಜಿನ ಅಚ್ಚಿಗಿಂತ ತಗಡಿನದು ವಾಸಿ, ತಳಕ್ಕೆ ಬೇಗ ಶಾಖ ಮುಟ್ಟುತ್ತದೆ.

ಹೂರಣದ ಮಾತು ಚುಟುಕಾಗಿ ಮುಗಿಸುತ್ತೇನೆ. ಇಂಗ್ಲೆಂಡಿನಲ್ಲಿ ಸೇಬಿನ ಪೈಗೆ ಬ್ರ್ಯಾಮ್ಲಿ ಎಂಬ ಹುಳಿ ಸೇಬು ಇದೆ. 1809ರಲ್ಲಿ ನಾಟಿಂಗ್‌ಹ್ಯಾಮ್ ಸೀಮೆಯ ಸೌತ್‌ವೆಲ್‌ನಲ್ಲಿ ಒಬ್ಬ ಹುಡುಗಿ ನೆಟ್ಟ ಬೀಜದಿಂದ ಬಂದ ತಳಿ. ನಮ್ಮ ಪೇಟೆಯ ಸೇಬು ಬರಿಯ ಸಿಹಿ, ಹಾಗಾಗಿ ನಿಂಬೆರಸ ಹಿಂಡಲೇಬೇಕು. ನಾಲ್ಕೈದು ಸೇಬನ್ನು ಸಕ್ಕರೆ, ಚಕ್ಕೆ ಪುಡಿಯೊಂದಿಗೆ ಒಲೆಯ ಮೇಲೆ ಬಾಡಿಸಿ, ಪೂರ್ತಿ ಆರಿಸಿ ತುಂಬಿ. ಮೇಲೆ ಪಟ್ಟಿಗಳನ್ನು ಹೆಣೆದು, ಹಾಲು ಅಥವಾ ಮೊಟ್ಟೆ ಸವರಿ 190 ಡಿಗ್ರಿಯಲ್ಲಿ ಅರ್ಧ ಗಂಟೆಗೆ ಮೇಲೆ ಐದು ನಿಮಿಷ. ತಳ ಮೆತ್ತಗಾಗದಿರಲು ಹೂರಣದ ಕೆಳಗೆ ರವೆ ಉದುರಿಸಿ ಎಂದು ಕೆಲವು ಇಂಗ್ಲಿಷ್ ಪುಸ್ತಕಗಳಲ್ಲಿ ಬರೆದಿರುತ್ತದೆ. ರವೆ ಗೋಧಿಯದು, ಮರೆಯಬೇಡಿ! ಬಾದಾಮಿ ಪುಡಿಯನ್ನೋ ಹುರಿದ ಅಕ್ಕಿತರಿಯನ್ನೋ ಉದುರಿಸಿ.

ಖಾರದ ಪೈ ಮಾಡುವವರಿಗೆ ಇನ್ನೊಂದು ದಾರಿಯಿದೆ, ನನಗೆ ಅದೇ ಹೆಚ್ಚು ಇಷ್ಟ. ಲೆಸ್ಟರಿಗೆ ಹತ್ತಿರದ ಮೆಲ್ಟನ್ ಮೋಬ್ರೆ ಎಂಬ ಊರು ಹಂದಿಮಾಂಸದ ಪೈಗೆ ಹೆಸರುವಾಸಿ. ಆ ಪೈಗೆ ಕಣಕವನ್ನು ಕುದಿನೀರಿನಲ್ಲಿ ಕಲಸುತ್ತಾರೆ. ನೀರಿಗೆ ಹಂದಿಯ ಕೊಬ್ಬು ಹಾಕಿ ಕುದಿಸಿ, ಹಿಟ್ಟಿನ ಮೇಲೆ ಸುರಿದು, ಬಿಸಿಯಿರುವಾಗಲೇ ನಾದಿ, ಅಚ್ಚಿನ ಆಸರೆಯಿಲ್ಲದೆ ನಿಲ್ಲುವಂತೆ ಕಟ್ಟುತ್ತಾರೆ. ಕುದಿನೀರು ಬಿದ್ದ ಪಿಷ್ಟ ಬೆಂದು ಅಂಟಾಗುತ್ತದೆ, ಗ್ಲುಟೆನ್ ಮಾಡಬೇಕಾದ ಕೆಲಸದ ಒಂದು ಪಾಲನ್ನು ಅದು ಮಾಡುತ್ತದೆ. ಗಣೇಶನ ಹಬ್ಬದ ಕಡುಬಿಗೆ ಅಕ್ಕಿಹಿಟ್ಟನ್ನು ಉಕ್ಕರಿಸುವವರಿಗೆ, ಜೋಳದ ಹಿಟ್ಟಿಗೆ ಎಸರು ಹಾಕಿ ನಾದುವ ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ಹೇಳಿದ ಅದೇ 250 ಗ್ರಾಂ ಹಿಟ್ಟು, 2 ಚಮಚ ಇಸಬ್‌ಗೋಲ್, ಉಪ್ಪು. ಸಕ್ಕರೆ ಬೇಡ. 90 ಗ್ರಾಂ ಬೆಣ್ಣೆಯನ್ನು ಸುಮಾರು 120 ಮಿಲಿಲೀಟರ್ ನೀರಿನಲ್ಲಿ ಕುದಿಸಿ ಸುರಿಯಿರಿ. ಸೌಟಿನಿಂದ ಕೆದಕಿ, ಕೈ ತಾಳುವಷ್ಟು ಬಿಸಿಯಾದಾಗ ನಾದಿ, ತಡಮಾಡದೆ ಅಚ್ಚಿಗೆ ಹಾಕಿ. ಆರಿದರೆ ಬಿರಿಯುತ್ತದೆ. ಪದರ ಬರುವುದಿಲ್ಲ, ಬದಲಿಗೆ ಗಟ್ಟಿಮುಟ್ಟಾದ, ಕಟುಕುಟು ಎನ್ನುವ ಗೋಡೆ ಸಿಗುತ್ತದೆ. ಆಲೂಗಡ್ಡೆ ಬಟಾಣಿಯ ಪಲ್ಯಕ್ಕೂ ಕೋಳಿಗೂ ಅದು ಒಗ್ಗುತ್ತದೆ, ಡಬ್ಬಿಯಲ್ಲಿ ಕಟ್ಟಿ ಕಳಿಸಿದರೂ ಮುರಿಯುವುದಿಲ್ಲ. ಲೆಸ್ಟರಿನ ಹುಡುಗನ ಶಾಲೆಯ ಡಬ್ಬಿಗೆ ಈಗ ಹೋಗುತ್ತಿರುವುದು ಇದೇ.

ಕೊನೆಯದಾಗಿ, ಕಣಕಕ್ಕಿಂತ ಮುಖ್ಯವಾದ ವಿಷಯ. ಗ್ಲುಟೆನ್‌ರಹಿತ ಎಂದು ಪೊಟ್ಟಣದ ಮೇಲೆ ಬರೆಯಬೇಕಾದರೆ ಒಂದು ಕಿಲೋ ಪದಾರ್ಥದಲ್ಲಿ ಗ್ಲುಟೆನ್ 20 ಮಿಲಿಗ್ರಾಂಗಿಂತ ಹೆಚ್ಚಿರಬಾರದು. ಅಂತರರಾಷ್ಟ್ರೀಯ ಮಾನದಂಡ ಅದೇ, ನಮ್ಮ ದೇಶದ ನಿಯಮವೂ ಅದೇ. ಒಂದು ಕಿಲೋಗೆ 20 ಮಿಲಿಗ್ರಾಂ ಎಂದರೆ ಕಣ್ಣಿಗೆ ಕಾಣದಷ್ಟು. ಈಗ ನಮ್ಮ ಬೀದಿಯ ಹಿಟ್ಟಿನ ಗಿರಣಿಯನ್ನು ನೆನೆಸಿಕೊಳ್ಳಿ. ಮುಂದಿನವರ ಗೋಧಿ ಬೀಸಿ ಮುಗಿದ ಕೂಡಲೇ ಅದೇ ಕಲ್ಲಿಗೆ ನಮ್ಮ ಜೋಳ ಬೀಳುತ್ತದೆ. ಮೊದಲ ಎರಡು ಹಿಡಿ ಹಿಟ್ಟು ಅವರದೇ. ಮಾಮೂಲಿ ದಿನದಲ್ಲಿ ಅದು ಯಾರಿಗೂ ಲೆಕ್ಕವಿಲ್ಲ, ಸೀಲಿಯಾಕ್ ಇರುವ ಮಗುವಿಗೆ ಅದು ವಿಷ. ಅಂಥವರ ಮನೆಗೆ ಧಾನ್ಯವನ್ನು ಮನೆಯಲ್ಲೇ ತೊಳೆದು, ಒಣಗಿಸಿ, ಮಿಕ್ಸಿಯಲ್ಲಿ ಪುಡಿಮಾಡಿ ನುಣ್ಣಗೆ ಜರಡಿ ಹಿಡಿದುಕೊಳ್ಳುವುದು ಕ್ಷೇಮ, ಇಲ್ಲವೇ ಗ್ಲುಟೆನ್‌ರಹಿತ ಎಂದು ಬರೆದ ಪೊಟ್ಟಣ ತರಬೇಕು. ಇಂಗ್ಲೆಂಡಿನಲ್ಲಿರುವವರು ಪೊಟ್ಟಣದ ಮೇಲೆ ಅಡ್ಡಗೆರೆ ಎಳೆದ ತೆನೆಯ ಚಿತ್ರ ಹುಡುಕಲಿ. ಚಪಾತಿಯ ಮರದ ಮಣೆ, ಲಟ್ಟಣಿಗೆಗಳ ಸಂದಿಯಲ್ಲಿ ಹಳೆಯ ಹಿಟ್ಟು ಕೂತಿರುತ್ತದೆ, ಈ ಕಣಕಕ್ಕೆ ಬೇರೆ ಲಟ್ಟಣಿಗೆ ಇಡಿ. ಜರಡಿಯೂ ಬೇರೆಯಿರಲಿ. ಅಂಗಡಿಯ ಇಂಗಿನ ಡಬ್ಬಿ ತಿರುಗಿಸಿ ಓದಿ, ಬಹಳಷ್ಟರಲ್ಲಿ ಮೈದಾ ಬೆರೆತಿರುತ್ತದೆ, ಖಾರದ ಹೂರಣ ಕೆಡುವುದು ಅಲ್ಲೇ. ಬೆಳಗಾವಿ, ಧಾರವಾಡದ ಕಡೆಯ ಜವೆಗೋಧಿ ಹಳೆಯ ತಳಿ, ಆರೋಗ್ಯಕ್ಕೆ ಒಳ್ಳೆಯದು ಎಂದು ಹೇಳಿ ಕೊಡುವವರಿದ್ದಾರೆ. ಅದೂ ಗೋಧಿಯೇ, ಅದರಲ್ಲೂ ಗ್ಲುಟೆನ್ ಇದೆ.

ಗ್ಲುಟೆನ್ ಬಿಟ್ಟರೆ ತೆಳ್ಳಗಾಗುತ್ತಾರೆ ಎಂಬ ಮಾತನ್ನು ನಂಬಿ ಈ ಪೈ ಮಾಡಲು ಹೊರಟವರಿದ್ದರೆ ಅವರಿಗೆ ಒಂದು ಮಾತು. ಇದರಲ್ಲಿ 125 ಗ್ರಾಂ ಬೆಣ್ಣೆಯಿದೆ.

ಮತ್ತೆ ಒಂದು ಕೋರಿಕೆ. ಈ ಪಥ್ಯದವರು ನಿಮ್ಮ ಮನೆಗೆ ಊಟಕ್ಕೆ ಬಂದಾಗ ಯಾವ ಹಿಟ್ಟು, ಎಲ್ಲಿ ಬೀಸಿಸಿದ್ದು, ಯಾವ ಇಂಗು ಎಂದು ಕೇಳಿದರೆ ಬೇಸರಪಡಬೇಡಿ, ಡಬ್ಬಿಯನ್ನೇ ತಂದು ತೋರಿಸಿ. ಅನುಮಾನ ಇದ್ದರೆ ಇದೆ ಎಂದೇ ಹೇಳಿ. ಅವರು ಬರಿಯ ಮೊಸರನ್ನ ಉಂಡು ಹೋಗಲಿ, ಚಿಟಿಕೆ ಮೈದಾಕ್ಕೆ ಏನಾಗುತ್ತದೆ ಎಂದುಕೊಂಡು ಬಡಿಸುವುದು ಮಾತ್ರ ಬೇಡ.